ಸ್ಪೈಕ್ ಕಂಡ ಜಾಗವೇ ಸೆಳವು ಹುಟ್ಟುವ ಜಾಗವೇ?

ತಂಗಿಯ ಅಣ್ಣ:

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಈಗ 26 ವರ್ಷ. 14ನೇ ವಯಸ್ಸಿನಿಂದ ಮೂರ್ಛೆರೋಗವಿದೆ. ಇದುವರೆಗೆ ಮೂರು ಬೇರೆ ಬೇರೆ ಔಷಧಗಳನ್ನು ಒಂದು ಹೊತ್ತೂ ತಪ್ಪಿಸದೆ ತೆಗೆದುಕೊಂಡರೂ ತಿಂಗಳಿಗೆ ನಾಲ್ಕೈದು ಬಾರಿ ಫಿಟ್ಸ್, ಅಂದರೆ ಸೆಳವು, ಬರುತ್ತದೆ. ಅದು ನೆಲಕ್ಕೆ ಬಿದ್ದು ಕೈಕಾಲು ಬಡಿಯುವ ಬಗೆಯದಲ್ಲ. ಮಾತನಾಡುತ್ತಿದ್ದವಳು ನಡುವೆ ನಿಲ್ಲಿಸಿ ಎತ್ತಲೋ ನೋಡುತ್ತಾಳೆ, ಬಾಯಿ ಚಪ್ಪರಿಸುತ್ತಾಳೆ. ಎಡಗೈ ಬೆರಳುಗಳು ಬಟ್ಟೆಯ ಅಂಚನ್ನು ಹಿಡಿದು ಹೊಸೆಯುತ್ತಿರುತ್ತವೆ, ಬಲಗೈ ಮಾತ್ರ ಸೊಟ್ಟಗೆ ಸೆಟೆದು ನಿಂತಿರುತ್ತದೆ. ಒಂದೂವರೆ ನಿಮಿಷದಲ್ಲಿ ಎಲ್ಲ ಮುಗಿದರೂ ನಾಲಿಗೆಗೆ ಪದಗಳು ಮರಳಿ ಸಿಗಲು ಇನ್ನೂ ಐದಾರು ನಿಮಿಷ ಹಿಡಿಯುತ್ತದೆ.

ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಿದುಳಿನ ವಿದ್ಯುತ್ತನ್ನು ದಾಖಲಿಸುವ ಇಇಜಿ ಪರೀಕ್ಷೆಯ ವರದಿಯಲ್ಲಿ "ಎಡ ಟೆಂಪೊರಲ್ ಭಾಗದಲ್ಲಿ ಸ್ಪೈಕ್‌ಗಳು, ಎಫ್7 ಮತ್ತು ಟಿ7ರಲ್ಲಿ ಗರಿಷ್ಠ" ಎಂದು ಬರೆದಿದ್ದಾರೆ. (ಟೆಂಪೊರಲ್ ಎಂದರೆ ಮಿದುಳಿನ ಕಿವಿಯ ಬಳಿಯ ಭಾಗ, ಎಫ್7 ಮತ್ತು ಟಿ7 ಎಡಬದಿಯ ಎರಡು ಎಲೆಕ್ಟ್ರೋಡ್ ಜಾಗಗಳ ಹೆಸರು.) ಎಂಆರ್‌ಐ ಸಾಮಾನ್ಯವಾಗಿದೆ. ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ತಿಳಿಯಲು ಅವಳನ್ನು ಒಂದು ವಾರ ವಾರ್ಡಿನಲ್ಲಿ ಇರಿಸಿಕೊಂಡು, ಔಷಧ ಇಳಿಸಿ, ಫಿಟ್ಸ್ ಬರುವ ಹೊತ್ತಿನಲ್ಲೇ ವಿಡಿಯೊ ಇಇಜಿ ದಾಖಲಿಸಬೇಕೆಂದು ಈಗ ಹೇಳುತ್ತಿದ್ದಾರೆ. ನಾನು ಯಂತ್ರಗಳ ಕಂಪನ ಅಳೆಯುವ ಕೆಲಸದವನು. ಅತಿ ಹೆಚ್ಚು ಅಲುಗಾಟ ಕಂಡ ಕಡೆಯೇ ಸವೆದ ಬೇರಿಂಗ್ ಇರುತ್ತದೆಂದು ನಂಬಿ ಎರಡು ಸಲ ಬೇಸ್ತು ಬಿದ್ದಿದ್ದೇನೆ. ಹಾಗಾಗಿ ಈ ಪ್ರಶ್ನೆ. ಜಾಗ ಈಗಾಗಲೇ ಗೊತ್ತಾಗಿದ್ದರೆ ಬೇಕೆಂದೇ ಫಿಟ್ಸ್ ಬರಿಸುವುದೇಕೆ? ಗೊತ್ತಾಗಿಲ್ಲವೆಂದಾದರೆ ವರದಿಯ ಆ ಸಾಲಿಗೆ ಏನರ್ಥ?

ಎಲೆಕ್ಟ್ರೋಡ್ ಅಂಟಿಸುವವಳು:

ನಾನು 19 ವರ್ಷಗಳಿಂದ ಇಇಜಿ ತಂತ್ರಜ್ಞೆ. ವರದಿ ಬರೆಯುವವಳು ನಾನಲ್ಲ, ಆದರೆ ವರದಿಗೆ ಆಧಾರವಾಗುವ ಗೆರೆಗಳು ನನ್ನ ಕೈಯಿಂದ ಹೊರಡುತ್ತವೆ. ಆದ್ದರಿಂದ ಆ ಸಾಲನ್ನು ನಮ್ಮ ಕಡೆಯಿಂದ ಬಿಡಿಸಿ ಹೇಳುತ್ತೇನೆ.

ನಿಮ್ಮ ತಂಗಿಯ ದಾಖಲೆಯಲ್ಲಿ ಕಂಡದ್ದು ಫಿಟ್ಸ್ ಅಲ್ಲ. ಎರಡು ಫಿಟ್ಸ್‌ಗಳ ನಡುವಿನ ನೆಮ್ಮದಿಯ ಹೊತ್ತಿನಲ್ಲಿ, ಬಹುಶಃ ಜೋಂಪು ಹತ್ತಿದಾಗ, ಮಿದುಳಿನ ಒಂದಿಷ್ಟು ಭಾಗ ಒಮ್ಮೆಗೇ ಹೊರಹಾಕಿದ ಮಿಂಚಿನಂಥ ಸದ್ದು ಅದು. ಸ್ಪೈಕ್ ಎಂದು ಕರೆಸಿಕೊಳ್ಳಲು ಅದರ ಅಗಲ 20ರಿಂದ 70 ಮಿಲಿಸೆಕೆಂಡ್ ಇರಬೇಕು. ಅದು ಎಲ್ಲಿ ಗರಿಷ್ಠ ಎಂಬುದನ್ನು ಗೆರೆಯ ಎತ್ತರ ನೋಡಿ ಹೇಳುವುದಿಲ್ಲ. ಹೊಸಬರು ಎಡವುವುದು ಇಲ್ಲಿಯೇ. ತಲೆಯ ಎಡಬದಿಯಲ್ಲಿ ಮುಂದಿನಿಂದ ಹಿಂದಕ್ಕೆ ಎಲೆಕ್ಟ್ರೋಡ್‌ಗಳನ್ನು ಸರಪಳಿಯಂತೆ ಜೋಡಿಸಿ, ಪ್ರತಿ ಗೆರೆಯಲ್ಲೂ ಅಕ್ಕಪಕ್ಕದ ಎರಡರ ವ್ಯತ್ಯಾಸವನ್ನು ತೋರಿಸುತ್ತೇವೆ. ಎಫ್7ರ ಕೆಳಗೆ ಋಣ ವಿದ್ಯುತ್ತು ಹೆಚ್ಚಿದ್ದರೆ ಎಫ್7ರ ಹಿಂದುಮುಂದಿನ ಎರಡು ಗೆರೆಗಳಲ್ಲಿ ಮೇಲಿನದು ಕೆಳಕ್ಕೂ ಕೆಳಗಿನದು ಮೇಲಕ್ಕೂ ಚಾಚಿ, ಎರಡು ಮೊನೆಗಳು ಒಂದಕ್ಕೊಂದು ಮುತ್ತಿಕ್ಕುವಂತೆ ನಿಲ್ಲುತ್ತವೆ. ಇದನ್ನೇ ಫೇಸ್ ರಿವರ್ಸಲ್ ಎನ್ನುತ್ತೇವೆ. ನಿಮ್ಮ ವರದಿಯಲ್ಲಿರುವಂತೆ ಎಫ್7 ಮತ್ತು ಟಿ7 ಎರಡೂ ಸಮವಾಗಿದ್ದರೆ ಅವುಗಳ ನಡುವಿನ ಗೆರೆ ಹೆಚ್ಚುಕಡಿಮೆ ಚಪ್ಪಟೆಯಾಗಿ ಕಾಣುತ್ತದೆ, ಅಂದರೆ ವಿಷಯ ಅತ್ಯಂತ ಜೋರಾಗಿರುವ ಕಡೆಯೇ ಪರದೆಯ ಮೇಲೆ ಏನೂ ಇಲ್ಲದಂತೆ ತೋರುತ್ತದೆ.

ಇನ್ನೊಂದು ಮಾತು. ಎಫ್7 ಎಂಬ ಹೆಸರಿನ ಮೊದಲ ಅಕ್ಷರ ಫ್ರಂಟಲ್ ಹಾಲೆಯದು, ಅಂದರೆ ಮಿದುಳಿನ ಮುಂಭಾಗದ್ದು. ಆದರೆ ಅದು ಕೂರುವ ಜಾಗದಿಂದ ಟೆಂಪೊರಲ್ ಹಾಲೆಯ ಮುಂತುದಿಯ ವಿದ್ಯುತ್ತೂ ಕಾಣುತ್ತದೆ, ಫ್ರಂಟಲ್ ಹಾಲೆಯ ಅಡಿಭಾಗದ್ದೂ ಕಾಣುತ್ತದೆ. ಹರ್ಬರ್ಟ್ ಜಾಸ್ಪರ್ 1958ರಲ್ಲಿ ಪ್ರಕಟಿಸಿದ, ಎಲೆಕ್ಟ್ರೋಡ್ ಇಡುವ ಜಾಗಗಳನ್ನು ಗೊತ್ತುಮಾಡುವ 10-20 ಪದ್ಧತಿಯನ್ನೇ ನಾವು ಇಂದಿಗೂ ಟೇಪು ಹಿಡಿದು ಅಳೆಯುತ್ತೇವೆ. ಅದರಲ್ಲಿ ಕಿವಿಯ ಮಟ್ಟಕ್ಕಿಂತ ಕೆಳಗಿನ ಸಾಲು ಇಲ್ಲ, ಟೆಂಪೊರಲ್ ಹಾಲೆಯ ತಳವಿರುವುದೋ ಅಲ್ಲಿಯೇ. ಅಂತರರಾಷ್ಟ್ರೀಯ ಕ್ಲಿನಿಕಲ್ ನ್ಯೂರೋಫಿಸಿಯಾಲಜಿ ಒಕ್ಕೂಟ 2017ರಲ್ಲಿ ಆ ಕೆಳಸಾಲನ್ನೂ ಸೇರಿಸಿ 25 ಎಲೆಕ್ಟ್ರೋಡ್‌ಗಳನ್ನು ಬಳಸುವಂತೆ ಶಿಫಾರಸು ಮಾಡಿತು. ನಿಮ್ಮ ತಂಗಿಗೆ ಎಷ್ಟು ಹಾಕಿದ್ದರೆಂದು ಕೇಳಿ ನೋಡಿ.

ವಿಲೋಮ:

ಮೇಲಿನವರು ಹೇಳಿದ್ದಕ್ಕೆ ಭೌತಶಾಸ್ತ್ರದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನನ್ನ ಕೆಲಸ ಇಇಜಿ ಸಂಕೇತಗಳಿಂದ ಮೂಲವನ್ನು ಲೆಕ್ಕಹಾಕುವುದು.

ಹೆಂಚಿನ ಮಾಡಿನ ಸಂದಿಗಳಿಂದ ಹೊಗೆ ಏಳುವುದನ್ನು ಹೊರಗೆ ನಿಂತು ನೋಡುತ್ತಿದ್ದೀರಿ ಎಂದುಕೊಳ್ಳಿ. ಒಲೆ ಯಾವ ಮೂಲೆಯಲ್ಲಿದೆ, ಒಂದಿದೆಯೋ ಎರಡಿವೆಯೋ ಎಂಬುದನ್ನು ಆ ಹೊಗೆಯಿಂದಲೇ ಹೇಳಬೇಕು. ಹೊಗೆ ಒಲೆಯ ನೆತ್ತಿಯ ಮೇಲೇ ಬರಬೇಕೆಂಬ ನಿಯಮವಿಲ್ಲ, ಸಂದಿ ಎಲ್ಲಿದೆಯೋ ಅಲ್ಲಿ ಬರುತ್ತದೆ. ತಲೆಬುರುಡೆಯ ಕಥೆಯೂ ಬಹುಮಟ್ಟಿಗೆ ಇದೇ. ಮೂಳೆ ವಿದ್ಯುತ್ತನ್ನು ಸುಲಭವಾಗಿ ಹಾಯಗೊಡುವುದಿಲ್ಲ. ಮಿದುಳಿನ ತೊಗಟೆಯಲ್ಲಿ, ಅಂದರೆ ಹೊರಪದರದಲ್ಲಿ, ಹುಟ್ಟಿದ ವಿಭವ (ವೋಲ್ಟೇಜ್) ನೆತ್ತಿಯ ಚರ್ಮವನ್ನು ಮುಟ್ಟುವಷ್ಟರಲ್ಲಿ ಕುಗ್ಗುತ್ತದೆ, ಜೊತೆಗೆ ಹರಡಿಯೂ ಹೋಗುತ್ತದೆ. ನೆತ್ತಿಯ ಮೇಲೆ ಬರಿಗಣ್ಣಿಗೆ ಕಾಣುವ ಒಂದು ಸ್ಪೈಕ್ ಮೂಡಬೇಕಾದರೆ ಸುಮಾರು 10 ಚದರ ಸೆಂಟಿಮೀಟರ್ ತೊಗಟೆ, ಅನೇಕ ಸಲ ಅದಕ್ಕಿಂತಲೂ ಹೆಚ್ಚು, ಒಟ್ಟಿಗೆ ಉರಿಯಬೇಕೆಂಬುದು ಒಳಗೂ ಹೊರಗೂ ಏಕಕಾಲದಲ್ಲಿ ಅಳೆದು ನೋಡಿದ ಅಧ್ಯಯನಗಳಿಂದ ತಿಳಿದಿದೆ. ಉಗುರಿನಗಲದ ಜಾಗದಲ್ಲಿ ಶುರುವಾದ ಸೆಳವು ಅಂಗೈಯಗಲಕ್ಕೆ ಹಬ್ಬುವವರೆಗೆ ಹೊರಗಿನ ಎಲೆಕ್ಟ್ರೋಡ್‌ಗಳಿಗೆ ಅದರ ಸುಳಿವೇ ಇರದಿರಬಹುದು.

ಇದಕ್ಕಿಂತ ಆಳವಾದ ತೊಡಕು ಇನ್ನೊಂದಿದೆ. ವಾಹಕದ ಮೇಲ್ಮೈಯಲ್ಲಿ ಅಳೆದ ವಿಭವಗಳನ್ನು ಮಾತ್ರ ಇಟ್ಟುಕೊಂಡು ಒಳಗಿನ ವಿದ್ಯುತ್ ಮೂಲಗಳ ಹಂಚಿಕೆಯನ್ನು ಒಂದೇ ಒಂದು ಬಗೆಯಲ್ಲಿ ನಿರ್ಧರಿಸಲಾಗದು ಎಂದು ಹೆಲ್ಮ್‌ಹೋಲ್ಟ್ಸ್ 1853ರಲ್ಲೇ ತೋರಿಸಿದ, ಆತ ಜರ್ಮನಿಯ ವಿಜ್ಞಾನಿ. ಎಲೆಕ್ಟ್ರೋಡ್ 20 ಇರಲಿ, 256 ಇರಲಿ, ಈ ಮಾತು ಬದಲಾಗದು. ನೆತ್ತಿಯ ಮೇಲಿನ ವಿಭವಗಳ ಒಂದೇ ನಕಾಶೆಗೆ ಹೊಂದುವ ಮೂಲಗಳ ಜೋಡಣೆಗಳು ಎಣಿಕೆಗೆ ಸಿಗದಷ್ಟಿರುತ್ತವೆ. ಹಾಗಾಗಿ ಪ್ರತಿಯೊಂದು ಲೆಕ್ಕವೂ ಮೊದಲೇ ಒಂದು ಊಹೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಮೂಲ ಒಂದೇ ಬಿಂದುವಿನಲ್ಲಿದೆ ಎಂಬುದು ಒಂದು ಊಹೆ. ಒಟ್ಟು ಶಕ್ತಿ ಆದಷ್ಟು ಕಡಿಮೆ ಎಂಬುದು ಇನ್ನೊಂದು. ಅಕ್ಕಪಕ್ಕದ ತೊಗಟೆ ಒಂದೇ ರೀತಿ ವರ್ತಿಸುತ್ತದೆಂಬುದು ಮಗದೊಂದು. 1994ರಲ್ಲಿ ಪ್ರಕಟವಾದ ಲೊರೆಟಾ ವಿಧಾನ ಈ ಕೊನೆಯ ಊಹೆಯ ಮೇಲೆ ನಿಂತಿದೆ. ಬಣ್ಣಬಣ್ಣದ ಚಿತ್ರದಲ್ಲಿ ಕೆಂಪಗೆ ಹೊಳೆಯುವ ಜಾಗವನ್ನು ನೋಡಿದಾಗ, "ಈ ಊಹೆ ನಿಜವಾದರೆ ಇಲ್ಲಿ" ಎಂದು ಓದಿಕೊಳ್ಳಬೇಕು. ನಿಮ್ಮ ಬೇರಿಂಗ್‌ನ ಅನುಭವ ನಿಮಗೆ ಇದನ್ನು ಈಗಾಗಲೇ ಕಲಿಸಿದೆ.

ನರವೈದ್ಯ:

ರೋಗಿಯನ್ನು ನೋಡದೆ ಸಲಹೆ ಕೊಡುವುದು ಸರಿಯಲ್ಲ, ಆದ್ದರಿಂದ ಸಾಮಾನ್ಯ ವಿಚಾರವನ್ನಷ್ಟೇ ಹೇಳುತ್ತೇನೆ.

ಸರಿಯಾಗಿ ಆಯ್ದ ಎರಡು ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ಸೆಳವು ನಿಲ್ಲದಿದ್ದರೆ ಅದನ್ನು ಔಷಧಕ್ಕೆ ಬಗ್ಗದ ಮೂರ್ಛೆರೋಗ ಎಂದು ಕರೆಯಬೇಕೆಂದು ಮೂರ್ಛೆರೋಗದ ಅಂತರರಾಷ್ಟ್ರೀಯ ಸಂಘ 2010ರಲ್ಲಿ ನಿರೂಪಿಸಿತು. ಮೂರ್ಛೆರೋಗ ಇರುವವರಲ್ಲಿ ಸುಮಾರು ಮೂರನೇ ಒಂದು ಪಾಲು ಜನ ಈ ಗುಂಪಿಗೆ ಸೇರುತ್ತಾರೆ. ಇಂಥವರಿಗೆ ನಾಲ್ಕನೇ, ಐದನೇ ಮಾತ್ರೆಯನ್ನು ಬದಲಿಸುತ್ತ ವರ್ಷಗಳನ್ನು ಕಳೆಯುವುದಕ್ಕಿಂತ ಶಸ್ತ್ರಚಿಕಿತ್ಸೆಯ ಪರಿಶೀಲನೆಗೆ ಕಳಿಸುವುದು ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. 2001ರಲ್ಲಿ ಕೆನಡಾದಲ್ಲಿ ಟೆಂಪೊರಲ್ ಹಾಲೆಯ ಮೂರ್ಛೆರೋಗವಿದ್ದ 80 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದಾಗ, ಒಂದು ವರ್ಷದ ಕೊನೆಗೆ ಪ್ರಜ್ಞೆ ಮಸುಕಾಗುವ ಸೆಳವುಗಳಿಂದ ಪಾರಾದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 58 ಪ್ರತಿಶತ, ಔಷಧದ ಗುಂಪಿನಲ್ಲಿ 8 ಪ್ರತಿಶತ.

ಈಗ ನಿಮ್ಮ ಪ್ರಶ್ನೆ. ನಾವು ಒಂದೇ ಮಿದುಳಿನಲ್ಲಿ ಹಲವು ವಲಯಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತೇವೆ. ಸ್ಪೈಕ್‌ಗಳು ಹೊರಡುವ ಪ್ರದೇಶ ಕೆರಳುವ ವಲಯ. ಸೆಳವು ನಿಜವಾಗಿ ತೊಡಗುವ ಪ್ರದೇಶ ಆರಂಭದ ವಲಯ. ಬಾಯಿ ಚಪ್ಪರಿಸುವುದು, ಕೈ ಸೆಟೆಯುವುದು ಮುಂತಾದ ಲಕ್ಷಣಗಳನ್ನು ಹುಟ್ಟಿಸುವುದು ಲಕ್ಷಣದ ವಲಯ. ಸೆಳವು ಎಲ್ಲಿಂದಲೋ ಹೊರಟು ಅಲ್ಲಿಗೆ ತಲುಪಿದ ಮೇಲಷ್ಟೇ ಲಕ್ಷಣ ಕಾಣುತ್ತದೆ. ಇವೆಲ್ಲದರ ಹಿಂದೆ ರೋಗಮೂಲ ವಲಯ ಎಂಬುದೊಂದಿದೆ: ಯಾವ ಕನಿಷ್ಠ ಭಾಗವನ್ನು ತೆಗೆದರೆ ಸೆಳವು ಪೂರ್ತಿ ನಿಲ್ಲುತ್ತದೆಯೋ ಅದು. ಈ ವ್ಯಾಖ್ಯೆಯ ಒಂದು ವಿಚಿತ್ರವನ್ನು ಗಮನಿಸಿ. ಅದನ್ನು ಅಳೆಯುವ ಸಾಧನವೇ ಇಲ್ಲ. ತೆಗೆದು, ವರ್ಷಗಟ್ಟಲೆ ಕಾದು, ಸೆಳವು ಬರಲಿಲ್ಲವೆಂದಾಗ ಅದು ತೆಗೆದುದರೊಳಗೆ ಇತ್ತು ಎಂದು ತಿಳಿಯುತ್ತದೆ, ಅಷ್ಟೆ. ಉಳಿದೆಲ್ಲ ವಲಯಗಳೂ ಅದರ ಸುತ್ತ ಹಾಕುವ ಗುರುತುಗಳು. ವರದಿಯ ಆ ಸಾಲು ಕೆರಳುವ ವಲಯದ ಬಗ್ಗೆ ಮಾತ್ರ ಹೇಳುತ್ತಿದೆ, ಅದಕ್ಕಿಂತ ಹೆಚ್ಚನ್ನು ಅದರ ಬಾಯಲ್ಲಿ ಹೇಳಿಸಬಾರದು.

ನೀವು ವರ್ಣಿಸಿದ ಎಡಗೈಯ ಹೊಸೆಯುವಿಕೆ, ಬಲಗೈಯ ಸೆಟೆತ ಹಾಗೂ ಆಮೇಲೆ ಪದ ಸಿಗದಿರುವುದು ಎಡ ಟೆಂಪೊರಲ್ ಹಾಲೆಗೆ ಹೊಂದುತ್ತವೆ. ಆದರೆ ಹಾಲೆ ದೊಡ್ಡದು. ಅದರ ಒಳಮಗ್ಗುಲಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಇದೆ, ಹೊರಮಗ್ಗುಲಲ್ಲಿ ಕೇಳ್ಮೆ ಹಾಗೂ ಭಾಷೆಯ ತೊಗಟೆ ಇದೆ. ಎಂಆರ್‌ಐಯಲ್ಲಿ ಹಿಪೊಕ್ಯಾಂಪಸ್ ಆರೋಗ್ಯವಾಗಿ ಕಂಡು, ಅದು ಭಾಷೆಯ ಬದಿಯದ್ದೇ ಆಗಿದ್ದು, ರೋಗಿಯ ನೆನಪು ಚೆನ್ನಾಗಿಯೇ ಇದ್ದರೆ, ಅದನ್ನು ತೆಗೆದಾಗ ಮಾತಿನ ನೆನಪು ಕುಗ್ಗುವ ಅಪಾಯ ದೊಡ್ಡದು. ಎರಡು ಮೂರು ಸೆಂಟಿಮೀಟರ್ ಒಳಗೋ ಹೊರಗೋ ಎಂಬ ಪ್ರಶ್ನೆಗೆ ಇಷ್ಟು ಬೆಲೆ ಬರುವುದು ಇದರಿಂದ. ಒಂದು ವಾರದ ವಿಡಿಯೊ ಇಇಜಿ ಆ ಪ್ರಶ್ನೆಯ ಮೊದಲ ಹೆಜ್ಜೆ.

ಒಂದು ಎಚ್ಚರಿಕೆ: ಔಷಧ ಇಳಿಸುವುದು ವಾರ್ಡಿನಲ್ಲಿ, ಹಗಲಿರುಳು ಕಾವಲಿರುವಾಗ ಮಾತ್ರ. ದಾಖಲಾಗುವ ಮೊದಲೇ ಫಿಟ್ಸ್ ಬೇಗ ಬರಲಿ ಎಂದು ಮನೆಯಲ್ಲಿ ಮಾತ್ರೆ ಬಿಟ್ಟು ಬಂದವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ, ಸೆಳವು ನಿಲ್ಲದೆ ಮುಂದುವರಿದು ಜೀವಕ್ಕೇ ಕುತ್ತಾಗಬಹುದು.

ಕೊನೆಗೆ ನಾನೊಂದು ಕೇಳಬೇಕು. ಮಾತು ನಿಲ್ಲುವ ಮುನ್ನ ಅವರಿಗೆ ಏನಾದರೂ ಅನಿಸುತ್ತದೆಯೇ? ಹೊಟ್ಟೆಯಿಂದ ಏನೋ ಮೇಲೇರಿದಂತೆ, ಹಿಂದೆ ಕಂಡದ್ದೇ ಮತ್ತೆ ಕಂಡಂತೆ, ಇತ್ಯಾದಿ?

ತಂಗಿಯ ಅಣ್ಣ:

ಇಷ್ಟು ವಿವರವಾಗಿ ಬರೆದ ಮೂವರಿಗೂ ವಂದನೆಗಳು. ವೈದ್ಯರ ಪ್ರಶ್ನೆಗೆ ಉತ್ತರ: ಇಲ್ಲ, ಏನೂ ಅನಿಸುವುದಿಲ್ಲ, ಒಮ್ಮೆಲೇ ನಿಂತುಬಿಡುತ್ತಾಳೆ.

ಅರ್ಧ ಓದಿದವನು:

ಇದಕ್ಕೆಲ್ಲ ಇಷ್ಟು ತಲೆಕೆಡಿಸಿಕೊಳ್ಳುವುದು ಏಕೆಂದು ಅರ್ಥವಾಗುತ್ತಿಲ್ಲ. 256 ಎಲೆಕ್ಟ್ರೋಡ್‌ಗಳ ಟೋಪಿ ತೊಡಿಸಿ, ಬಂದ ದತ್ತಾಂಶವನ್ನು ಕೃತಕ ಬುದ್ಧಿಮತ್ತೆಗೆ ಕೊಟ್ಟರೆ ಜಾಗ ತಾನೇ ಹೊರಬರುವುದಿಲ್ಲವೇ? ಫಿಟ್ಸ್ ಬರುವವರೆಗೆ ಕಾಯುವುದೂ ಬೇಡ, ತಲೆಗೆ ತೂತು ಕೊರೆಯುವುದೂ ಬೇಡ.

ವಿಲೋಮ:

ಪ್ರಶ್ನೆ ಸರಿಯಾದದ್ದೇ, ಅವಸರ ಮಾತ್ರ ಸ್ವಲ್ಪ ಹೆಚ್ಚಾಯಿತು.

ಎಲೆಕ್ಟ್ರೋಡ್ ಹೆಚ್ಚಿದರೆ ಲಾಭವಿದೆ. ಜಿನೀವಾದ ತಂಡವೊಂದು 2011ರಲ್ಲಿ, ಆಗಲೇ ಶಸ್ತ್ರಚಿಕಿತ್ಸೆ ಮುಗಿದಿದ್ದ 152 ಮಂದಿಯ ದಾಖಲೆಗಳನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಿತು. 128ರಿಂದ 256 ಎಲೆಕ್ಟ್ರೋಡ್‌ಗಳನ್ನು ಹಾಕಿ, ತಲೆಯ ಮಾದರಿಯನ್ನು ಆಯಾ ರೋಗಿಯದ್ದೇ ಎಂಆರ್‌ಐಯಿಂದ ಕಟ್ಟಿದಾಗ, ಗುಣವಾದವರಲ್ಲಿ 84 ಪ್ರತಿಶತ ಮಂದಿಗೆ ಲೆಕ್ಕದ ಮೂಲ ತೆಗೆದುಹಾಕಿದ ಭಾಗದೊಳಗೇ ಬಿದ್ದಿತ್ತು. ಗುಣವಾಗದವರಲ್ಲಿ 88 ಪ್ರತಿಶತ ಮಂದಿಗೆ ಅದರ ಹೊರಗೆ ಬಿದ್ದಿತ್ತು. ಕಡಿಮೆ ಎಲೆಕ್ಟ್ರೋಡ್, ಸರಾಸರಿ ತಲೆಯ ಮಾದರಿ ಬಳಸಿದಾಗ ಈ ಅಂಕಿಗಳು ಇಳಿದವು. ಅಂದರೆ ಕೆರಳುವ ವಲಯದ ಲೆಕ್ಕಕ್ಕೂ ತೂಕವಿದೆ, ಅದನ್ನು ನಾನು ತಳ್ಳಿಹಾಕುತ್ತಿಲ್ಲ. ಆದರೆ ಆ ಲೆಕ್ಕ ತಾನೇ ಹೊರಬಂದದ್ದಲ್ಲ. ಯಾವುದು ನಿಜವಾದ ಸ್ಪೈಕ್, ಯಾವುದು ಜೋಂಪಿನಲ್ಲಿ ಆರೋಗ್ಯವಂತರಿಗೂ ಬರುವ ಚೂಪು ಅಲೆ ಎಂದು ಬೇರ್ಪಡಿಸಲು ಪಳಗಿದ ಕಣ್ಣೇ ಬೇಕು. ತಪ್ಪು ಅಲೆಯನ್ನು ಒಳಗೆ ಬಿಟ್ಟರೆ ಗಣಕ ಅದಕ್ಕೂ ಒಂದು ಚೆಂದದ ಕೆಂಪು ಚುಕ್ಕೆಯನ್ನು ತೋರಿಸುತ್ತದೆ.

ಒಂದೇ ಒಂದು ಸಣ್ಣ ವಿವರ ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆಂದು ತೋರಿಸುತ್ತೇನೆ. ನೂರು ಸ್ಪೈಕ್‌ಗಳನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದರೆ, ಅವೆಲ್ಲ ಒಂದೇ ಜಾತಿಯವಾಗಿದ್ದ ಪಕ್ಷದಲ್ಲಿ, ಗದ್ದಲ ಹತ್ತನೇ ಒಂದಕ್ಕೆ ಇಳಿಯುತ್ತದೆ. ಈಗ ಆ ಸರಾಸರಿ ಸ್ಪೈಕ್‌ನ ಯಾವ ಕ್ಷಣದಲ್ಲಿ ಮೂಲವನ್ನು ಹುಡುಕಬೇಕು? ಶಿಖರದಲ್ಲಿ ಸಂಕೇತ ಜೋರಾಗಿರುತ್ತದೆ, ಆದ್ದರಿಂದ ಅಲ್ಲೇ ಹುಡುಕಬೇಕೆನಿಸುತ್ತದೆ. ಆದರೆ ಶಿಖರ ಮುಟ್ಟುವ ಹೊತ್ತಿಗೆ ಸ್ಪೈಕ್ ಆಗಲೇ ಪಕ್ಕದ ತೊಗಟೆಗೆ ಹಬ್ಬಿರುತ್ತದೆ. ಅದಕ್ಕೆಂದೇ ಏರುವ ಗೆರೆಯ ನಡುಮಧ್ಯದಲ್ಲಿ, ಸಂಕೇತ ಇನ್ನೂ ಅರೆಬರೆಯಾಗಿರುವಾಗ ನೋಡುವುದು ರೂಢಿ. ಆ ಎರಡು ಕ್ಷಣಗಳ ನಡುವಿನ ಅಂತರ ಎಷ್ಟೋ ಸಲ ಕೆಲವೇ ಮಿಲಿಸೆಕೆಂಡ್ ಅಷ್ಟೇ, ಆದರೂ ಪರದೆಯ ಮೇಲೆ ಚುಕ್ಕೆ ಟೆಂಪೊರಲ್ ತುದಿಯಿಂದ ಹಿಂದಕ್ಕೆ ಜಾರಿದ್ದನ್ನು ನಾನೇ ಕಂಡಿದ್ದೇನೆ.

ಕೃತಕ ಬುದ್ಧಿಮತ್ತೆಯ ವಿಷಯಕ್ಕೆ ಬಂದರೆ, ಮಿದುಳಿನ ಒಳಗಿಟ್ಟ ಎಲೆಕ್ಟ್ರೋಡ್‌ಗಳ ದಾಖಲೆಯ ಮೇಲೆ ಒಳ್ಳೆಯ ಕೆಲಸ ನಡೆದಿದೆ. ಜಾಲದ ಯಾವ ಬಿಂದುವನ್ನು ತುಸುವೇ ಕದಲಿಸಿದರೆ ಇಡೀ ಜಾಲ ಹದ ತಪ್ಪುತ್ತದೆ ಎಂದು ಲೆಕ್ಕಹಾಕುವ ಭಿದುರತೆಯ ವಿಧಾನ 2021ರಲ್ಲಿ ಪ್ರಕಟವಾಯಿತು. ಹಿಂದೆ ಶಸ್ತ್ರಚಿಕಿತ್ಸೆಯಾದ 91 ಮಂದಿಯಲ್ಲಿ ಫಲಿಸದೆ ಹೋದ 47 ಪ್ರಕರಣಗಳ ಪೈಕಿ 43ನ್ನು ಅದು ಸರಿಯಾಗಿ ಗುರುತಿಸಿತು. ಆದರೆ ಅದು ಮುಗಿದ ಕಥೆಯನ್ನು ಹಿಂತಿರುಗಿ ಓದಿದ್ದು. ಮುಂದೆ ಆಗಬೇಕಾದ ಶಸ್ತ್ರಚಿಕಿತ್ಸೆಯನ್ನು ಹೊಸ ಗುರುತಿನ ಆಧಾರದಿಂದಲೇ ಮಾಡಿ ನೋಡುವುದು ಬೇರೆಯೇ ಪರೀಕ್ಷೆ. ಸೆಕೆಂಡಿಗೆ 80ರಿಂದ 500 ಬಾರಿ ಕಂಪಿಸುವ ಅತಿವೇಗದ ಅಲೆಗಳು ರೋಗಮೂಲದ ಅತ್ಯಂತ ನಂಬಿಗಸ್ತ ಗುರುತು ಎಂದು ಬಹಳ ಮಂದಿ ಬರೆದಿದ್ದರು, ನಾನೂ ಹಾಗೆಯೇ ಎಣಿಸಿದ್ದೆ. ನೆದರ್‌ಲೆಂಡ್ಸ್‌ನ ಯೂಟ್ರೆಕ್ಟ್‌ನಲ್ಲಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೇ ಆ ಅಲೆಗಳನ್ನು ನೋಡಿ ತೆಗೆಯುವುದನ್ನೂ ಹಳೆಯ ಸ್ಪೈಕ್‌ಗಳನ್ನು ನೋಡಿ ತೆಗೆಯುವುದನ್ನೂ ಹೋಲಿಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಹೊರಬಂತು. ಹೊಸದು ಹಳೆಯದಕ್ಕಿಂತ ಕಡಿಮೆಯಲ್ಲ ಎಂದು ತೋರಿಸಲು ಅದಕ್ಕೆ ಆಗಲಿಲ್ಲ.

ಹೊಲಿಗೆ ಗುರುತು:

ಈ ಚರ್ಚೆಯನ್ನು ಓದುತ್ತ ಸುಮ್ಮನಿರಲಾಗಲಿಲ್ಲ. ನಾನು ರೋಗಿಯಾಗಿ ಇದೆಲ್ಲವನ್ನೂ ದಾಟಿದವನು.

ಮೊದಲ ಸಲ ನಾನು ಹೋದ ಕಡೆ ಅರ್ಧ ಗಂಟೆಯ ಒಂದು ಇಇಜಿ ನೋಡಿ, "ಬಲ ಟೆಂಪೊರಲ್, ಸಂಶಯವೇ ಇಲ್ಲ" ಎಂದುಬಿಟ್ಟರು. ಆ "ಸಂಶಯವೇ ಇಲ್ಲ" ಎಂಬ ಮಾತನ್ನು ಹಿಡಿದು ಎರಡು ವರ್ಷ ಕುಳಿತಿದ್ದೆ. ಇನ್ನೊಂದು ಕಡೆ ವಿಡಿಯೊ ಇಇಜಿ ಆದಾಗ ಲೆಕ್ಕ ತಪ್ಪತೊಡಗಿತು. ನನಗೆ ಗಂಟಲು ಬಿಗಿದು ಉಸಿರು ಕಟ್ಟಿದಂತಾಗುವುದು ಮೊದಲು, ಆಗ ಫಿಟ್ಸ್ ಶುರುವಾಯಿತೆಂದು ದಾಖಲೆಯಲ್ಲಿ ಗುರುತು ಹಾಕುವ ಗುಂಡಿ ಒತ್ತುತ್ತಿದ್ದೆ. ನೆತ್ತಿಯ ಗೆರೆಗಳಲ್ಲಿ ಆಗ ಏನೂ ಇಲ್ಲ. ಸುಮಾರು 20 ಸೆಕೆಂಡ್ ಕಳೆದ ಮೇಲೆ ಬಲ ಟೆಂಪೊರಲ್‌ನಲ್ಲಿ ಲಯಬದ್ಧ ಅಲೆ ಶುರುವಾಗುತ್ತಿತ್ತು. ವೈದ್ಯೆ ಆ ದೃಶ್ಯವನ್ನು ನನಗೆ ತೋರಿಸಿ ಕೇಳಿದ್ದು ಒಂದೇ ಮಾತು: "ಈ 20 ಸೆಕೆಂಡ್ ಅದು ಎಲ್ಲಿತ್ತು?"

ಉತ್ತರಕ್ಕಾಗಿ ಸ್ಟೀರಿಯೊ ಇಇಜಿ ಮಾಡಿದರು. 1950ರ ದಶಕದ ಕೊನೆಯಿಂದ ಪ್ಯಾರಿಸ್‌ನ ಸೇಂಟ್ ಆ್ಯನ್ ಆಸ್ಪತ್ರೆಯಲ್ಲಿ ತಾಲೈರಾಕ್ ಮತ್ತು ಬಾಂಕೋ ರೂಪಿಸಿದ ವಿಧಾನವಂತೆ ಅದು. ಬುರುಡೆಯನ್ನು ತೆರೆಯುವುದಿಲ್ಲ. ಎರಡು ಮೂರು ಮಿಲಿಮೀಟರ್ ಅಗಲದ ರಂಧ್ರಗಳ ಮೂಲಕ ತೆಳ್ಳನೆಯ ಕಂಬಿಗಳನ್ನು, ರಕ್ತನಾಳಗಳನ್ನು ತಪ್ಪಿಸಿ, ಮೊದಲೇ ಗೊತ್ತುಮಾಡಿದ ಜಾಗಗಳಿಗೆ ಇಳಿಸುತ್ತಾರೆ. ಕಂಬಿ 0.8 ಮಿಲಿಮೀಟರ್ ದಪ್ಪ. ಅದರ ಉದ್ದಕ್ಕೂ 2 ಮಿಲಿಮೀಟರ್‌ನ ಲೋಹದ ಬಳೆಗಳು, ಒಂದೊಂದೂ ಒಂದೊಂದು ಕಿವಿ. ನನಗೆ 11 ಕಂಬಿ ಹಾಕಿದ್ದರು. ಐದನೇ ದಿನ ಬೆಳಗಿನ ಜಾವ ಗಂಟಲು ಬಿಗಿಯಿತು, ಗುಂಡಿ ಒತ್ತಿದೆ. ಆಮೇಲೆ ಪರದೆಯಲ್ಲಿ ನೋಡಿದೆ: ನಾನು ಗುಂಡಿ ಒತ್ತುವುದಕ್ಕೂ ಮೂರು ಸೆಕೆಂಡ್ ಮೊದಲು ಒಂದು ಕಂಬಿಯ ಎರಡೇ ಎರಡು ಬಳೆಗಳಲ್ಲಿ ದಪ್ಪ ಅಲೆಗಳೆಲ್ಲ ತಟ್ಟನೆ ಅಡಗಿ, ಕೂದಲೆಳೆಯಂಥ ಸಣ್ಣ, ಬಿರುಸಾದ ನಡುಕ ಎದ್ದಿತ್ತು. ಆ ಬಳೆಗಳಿದ್ದದ್ದು ಇನ್ಸುಲಾದಲ್ಲಿ, ಟೆಂಪೊರಲ್ ಹಾಲೆಯ ಮಡಿಕೆಯ ಹಿಂದೆ ಮುಚ್ಚಿಹೋದ ತೊಗಟೆಯಲ್ಲಿ. ಟೆಂಪೊರಲ್ ಹಾಲೆ ಅದರ ದಾರಿ ಮಾತ್ರ ಆಗಿತ್ತು.

ಎಲೆಕ್ಟ್ರೋಡ್ ಅಂಟಿಸುವವಳು:

ನಿಮ್ಮ ಅನುಭವ ಹೇಳಿದ್ದು ಒಳ್ಳೆಯದಾಯಿತು, ಆದರೆ ಓದಿದವರು ಒಳಗಿನ ಕಂಬಿಯೇ ಸತ್ಯವೆಂದು ತಿಳಿದುಕೊಳ್ಳಬಾರದು. ಒಂದೊಂದು ಬಳೆ ತನ್ನ ಸುತ್ತಲಿನ ಕೆಲವೇ ಮಿಲಿಮೀಟರ್‌ಗಳ ಮಾತನ್ನು ಕೇಳುತ್ತದೆ. ಹತ್ತಿಪ್ಪತ್ತು ಕಂಬಿ ಹಾಕಿದರೂ ಮಿದುಳಿನ ಬಹುಪಾಲು ಕತ್ತಲಲ್ಲೇ ಇರುತ್ತದೆ. ನಿಮ್ಮ ತಂಡ ಇನ್ಸುಲಾವನ್ನು ಅನುಮಾನಿಸದೆ ಅಲ್ಲಿಗೆ ಕಂಬಿ ಕಳಿಸದೇ ಹೋಗಿದ್ದರೆ, ಟೆಂಪೊರಲ್‌ನಲ್ಲಿದ್ದ ಕಂಬಿಗಳಲ್ಲೇ ಯಾವುದೋ ಒಂದು "ಮೊದಲು" ಕಾಣುತ್ತಿತ್ತು. ಇರುವ ಎಲೆಕ್ಟ್ರೋಡ್‌ಗಳಲ್ಲಿ ಯಾವುದೋ ಒಂದು ಎಂದಿಗೂ ಮೊದಲನೆಯದಾಗಿಯೇ ಇರುತ್ತದೆ. ಆರಂಭ ಕಂಡಿತೆಂದು ನಂಬುವ ಮೊದಲು, ಅಲೆ ಕಂಡದ್ದು ಲಕ್ಷಣಕ್ಕಿಂತ ಮೊದಲೋ ಆಮೇಲೋ ಎಂದು ನಮ್ಮಲ್ಲಿ ಕೇಳಿಕೊಳ್ಳುತ್ತಾರೆ. ಆಮೇಲೆ ಎಂದಾದರೆ ಬೇರೆಲ್ಲೋ ಕಂಬಿ ಇಲ್ಲದ ಕಡೆ ಶುರುವಾಗಿದೆ ಎಂದೇ ಅರ್ಥ.

ನೆತ್ತಿಯ ಗೆರೆ ಬದಿಯನ್ನೇ ತಪ್ಪು ಹೇಳುವುದೂ ಉಂಟು. ಎರಡು ಗೋಳಾರ್ಧಗಳ ನಡುವಿನ ಕಂದಕದ ಗೋಡೆಯಲ್ಲಿ, ಕಾಲಿನ ಚಲನೆಯ ತೊಗಟೆಯಲ್ಲಿ ಹುಟ್ಟಿದ ವಿದ್ಯುತ್ತಿನ ಮುಖ ಎದುರು ಬದಿಗೆ ತಿರುಗಿರುತ್ತದೆ. ಎಡಗಡೆ ಹುಟ್ಟಿದ್ದು ಬಲಗಡೆಯ ಎಲೆಕ್ಟ್ರೋಡ್‌ನಲ್ಲಿ ಜೋರಾಗಿ ಕಂಡಾಗ ಅಂಟಿಸುವಾಗ ತಂತಿ ಅದಲುಬದಲಾಯಿತೇ ಎಂದು ನಾನು ಮೊದಲು ನನ್ನನ್ನೇ ಅನುಮಾನಿಸುತ್ತೇನೆ.

ತಂಗಿಯ ಅಣ್ಣ:

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ವಾರ್ಡಿನಲ್ಲಿ ಎಂಟು ದಿನ ಇದ್ದೆವು. ಐದು ಫಿಟ್ಸ್ ದಾಖಲಾದವು. ನಾಲ್ಕರಲ್ಲಿ ನಡವಳಿಕೆ ಬದಲಾದ 10ರಿಂದ 15 ಸೆಕೆಂಡ್ ಬಳಿಕ ಎಡ ಟೆಂಪೊರಲ್‌ನಲ್ಲಿ ಸೆಕೆಂಡಿಗೆ ಆರರ ಲಯದ ಅಲೆ ಕಂಡಿತು. ಒಂದು ಫಿಟ್ಸ್ ಹೊರಳಾಟದ ಗದ್ದಲದಲ್ಲಿ ಪೂರ್ತಿ ಮುಚ್ಚಿಹೋಯಿತು. ಪೆಟ್ ಸ್ಕ್ಯಾನ್‌ನಲ್ಲಿ ಎಡ ಟೆಂಪೊರಲ್ ಹಾಲೆ ಗ್ಲೂಕೋಸನ್ನು ಕಡಿಮೆ ಬಳಸುತ್ತಿದೆ ಎಂದು ಬಂದಿದೆ, ಆದರೆ ಮಸುಕು ಪ್ರದೇಶ ಅಗಲವಾಗಿದೆ. ಎಂಆರ್‌ಐಯನ್ನು ಇದೆಲ್ಲ ತಿಳಿದ ಮೇಲೆ ಮತ್ತೊಮ್ಮೆ ನೋಡಿದರೂ ಏನೂ ಸಿಕ್ಕಿಲ್ಲ. ಬದಿ ಖಚಿತ, ಹಾಲೆ ಬಹುತೇಕ ಖಚಿತ, ಒಳಮಗ್ಗುಲೋ ಹೊರಮಗ್ಗುಲೋ ಎಂಬುದು ತೆರೆದೇ ಇದೆ ಎಂದರು. ಸ್ಟೀರಿಯೊ ಇಇಜಿ ಸೂಚಿಸಿದ್ದಾರೆ. ಉಳಿದದ್ದನ್ನು ತಂಗಿಯೇ ಬರೆಯುತ್ತಾಳಂತೆ.

ತಂಗಿಯ ಅಣ್ಣ:

ಅಣ್ಣನ ಖಾತೆಯಿಂದ ಬರೆಯುತ್ತಿರುವವಳು ನಾನು, ತಂಗಿ. ಫಿಟ್ಸ್‌ಗೆ ಮೊದಲು ಏನೂ ಅನಿಸುವುದಿಲ್ಲವೆಂದು ಅಣ್ಣ ಬರೆದದ್ದು ಸರಿಯಲ್ಲ, ಅವನ ತಪ್ಪೂ ಅಲ್ಲ. ಅವನಿಗೆ ನಾನು ಹೇಳಿರಲಿಲ್ಲ. ಹಿಂದೆಯೂ ವೈದ್ಯರು ಕೇಳಿದ್ದರು, ಆದರೆ ಹೊಟ್ಟೆಯಲ್ಲಿ ಏನಾದರೂ ಆಗುತ್ತದೆಯೇ ಎಂದು ಕೇಳುತ್ತಿದ್ದರು. ಹೊಟ್ಟೆಯಲ್ಲಿ ಏನೂ ಆಗುವುದಿಲ್ಲ, ಆದ್ದರಿಂದ ಇಲ್ಲವೆನ್ನುತ್ತಿದ್ದೆ. ಮೂರನೇ ರಾತ್ರಿ ಕಿತ್ತುಬಂದ ಎಲೆಕ್ಟ್ರೋಡನ್ನು ಮತ್ತೆ ಅಂಟಿಸಲು ಬಂದ ತಂತ್ರಜ್ಞೆ ಕೂದಲು ಬಿಡಿಸುತ್ತ, "ಶುರುವಾಗುವ ಮುಂಚೆ ಸುತ್ತಲಿನ ಮಾತು ಹೇಗೆ ಕೇಳಿಸುತ್ತದೆ?" ಎಂದು ಕೇಳಿದರು. ಆಗ ಬಾಯಿಬಿಟ್ಟೆ. ಎದುರಿಗಿರುವವರ ದನಿ ಬಾವಿಯೊಳಗಿಂದ ಬಂದಂತೆ ದೂರವಾಗುತ್ತದೆ, ಅವರು ಆಡಿದ ಕೊನೆಯ ಪದ ಎರಡು ಮೂರು ಸಲ ಮತ್ತೆ ಕೇಳಿಸುತ್ತದೆ. ಬಲಗಿವಿಯಲ್ಲಿ ಹೆಚ್ಚು. ಹುಚ್ಚೆಂದುಕೊಂಡಾರೆಂದು ಹನ್ನೆರಡು ವರ್ಷ ಯಾರಿಗೂ ಹೇಳಿರಲಿಲ್ಲ.

ನರವೈದ್ಯ:

ಅಮ್ಮಾ, ಇದು ಹುಚ್ಚಲ್ಲ. ನೀವು ಇಲ್ಲಿ ಬರೆದ ನಾಲ್ಕು ಸಾಲು ಈ ಇಡೀ ಚರ್ಚೆಯಲ್ಲಿ ಬಂದ ಯಾವ ಗೆರೆಗಿಂತಲೂ ಹತ್ತಿರದ ದಾಖಲೆ, ಏಕೆಂದರೆ ನೆತ್ತಿಯ ಮೇಲೆ ಏನೂ ಕಾಣದಿದ್ದ ಆ 10, 15 ಸೆಕೆಂಡ್‌ಗಳ ಒಳಗಿನಿಂದ ಅದು ಬಂದಿದೆ. ಶಬ್ದ ಬದಲಾಗುವ, ಮರುಕಳಿಸುವ ಅನುಭವ ಹಿಪೊಕ್ಯಾಂಪಸ್‌ಗಿಂತ ಟೆಂಪೊರಲ್ ಹಾಲೆಯ ಹೊರಮಗ್ಗುಲಿನ ಮೇಲ್ಭಾಗದ ಕೇಳ್ಮೆಯ ತೊಗಟೆಯತ್ತ ಬೆರಳು ತೋರಿಸುತ್ತದೆ. ಅಲ್ಲೇ ಹುಟ್ಟುತ್ತದೆಂದು ಇದರಿಂದ ತೀರ್ಮಾನವಾಗದು, ಕೇಳ್ಮೆಯ ತೊಗಟೆಯನ್ನು ಮೊದಲು ಮುಟ್ಟುತ್ತದೆಂದು ಮಾತ್ರ ಹೇಳಬಹುದು. ಆದರೆ ಕಂಬಿಗಳ ಯೋಜನೆ ಹಾಕುವವರಿಗೆ ಇದು ತಿಳಿದಿರಲೇಬೇಕು. ಬಾವಿ, ಕೊನೆಯ ಪದ, ಬಲಗಿವಿ, ಈ ಮೂರನ್ನೂ ನಿಮ್ಮದೇ ಮಾತಿನಲ್ಲಿ ಬರೆದುಕೊಡಿ.

ತಂಗಿಯ ಅಣ್ಣ:

ಬರೆದುಕೊಟ್ಟಿದ್ದೇವೆ. ಮೊದಲಿನ ಪಟ್ಟಿಯಲ್ಲಿ ಟೆಂಪೊರಲ್ ತುದಿ, ಅಮಿಗ್ಡಲಾ, ಹಿಪೊಕ್ಯಾಂಪಸ್‌ನ ಮುಂಭಾಗ ಮತ್ತು ಹಿಂಭಾಗ, ಕಣ್ಣುಗುಳಿಯ ಮೇಲಿನ ಫ್ರಂಟಲ್ ತೊಗಟೆ, ಇನ್ಸುಲಾ ಇದ್ದವು. ಈಗ ಕೇಳ್ಮೆಯ ತೊಗಟೆಗೆಂದು ಇನ್ನೂ ಎರಡು ಕಂಬಿಗಳನ್ನು ಸೇರಿಸಿದ್ದಾರೆ. ಮುಂದಿನ ತಿಂಗಳು ದಾಖಲಾಗುತ್ತೇವೆ.

ಎಲೆಕ್ಟ್ರೋಡ್ ಅಂಟಿಸುವವಳು:

ತಂಗಿಗೆ ಒಂದು ಮಾತು. ದನಿ ದೂರವಾಗತೊಡಗಿದ ಕೂಡಲೇ ಗುಂಡಿ ಒತ್ತಿ, ಇದು ಅದೇ ಹೌದೋ ಅಲ್ಲವೋ ಎಂದು ಖಚಿತವಾಗುವವರೆಗೆ ಕಾಯಬೇಡಿ. ಸುಮ್ಮನೆ ಒತ್ತಿದ ಹತ್ತು ಸಲವನ್ನು ನಾವು ಬೇಸರವಿಲ್ಲದೆ ನೋಡುತ್ತೇವೆ. ಒತ್ತಿದ ಮೇಲೆ ಮಾತು ನಿಲ್ಲುವವರೆಗೆ, ಯಾವ ಪದ ಮತ್ತೆ ಕೇಳಿಸುತ್ತಿದೆಯೋ ಅದನ್ನು ಗಟ್ಟಿಯಾಗಿ ಹೇಳಿ. ಕ್ಯಾಮೆರಾಕ್ಕೆ ಮೈಕು ಇರುತ್ತದೆ.